12 ವರ್ಷದ ಮಗಳಿಗೆ ಜೀನ್ ಪರೀಕ್ಷೆ ಮಾಡಿಸಿದರೆ ಅವಳು ಓಟಗಾರ್ತಿಯಾಗುವಳೇ ಎಂದು ತಿಳಿಯುತ್ತದೆಯೇ?

ನಿಮ್ಮ ಮಗಳು ಶಾಲೆಯ 100 ಮೀಟರ್ ಓಟದಲ್ಲಿ ಗೆಲ್ಲುತ್ತಿದ್ದಾಳೆ, ಜೊಲ್ಲಿನ ಮಾದರಿ ಕಳುಹಿಸಿದರೆ ‘ಸ್ಪ್ರಿಂಟ್ ಜೀನ್’ ಇದೆಯೇ ಎಂದು ಹೇಳುವ ಪರೀಕ್ಷೆಯನ್ನು ಮಾಡಿಸಬೇಕೇ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ಮಕ್ಕಳಿಗೆ ಹರ್ಡಲ್ಸ್ (ತಡೆಗಳನ್ನು ದಾಟಿ ಓಡುವ ಓಟ) ಕಲಿಸುತ್ತಿರುವ ನನ್ನ ಉತ್ತರ: ಆ ಹಣಕ್ಕೆ ಒಂದು ಜೊತೆ ಒಳ್ಳೆಯ ಸ್ಪೈಕ್ಸ್ (ಅಡಿಯಲ್ಲಿ ಮೊಳೆಗಳಿರುವ ಓಟದ ಬೂಟು) ಕೊಡಿಸಿ.

ಪರೀಕ್ಷೆ ಮಾಡುವವರು ‘ಸ್ಪ್ರಿಂಟ್ ಜೀನ್’ ಎನ್ನುವುದು ಎಸಿಟಿಎನ್3 ಎಂಬ ಜೀನ್ ಅನ್ನು. ಬಿರುಸಾಗಿ ಸಂಕುಚಿಸುವ ಸ್ನಾಯು ತಂತುಗಳಿಗೆ ಬೇಕಾದ ಆಲ್ಫಾ-ಆ್ಯಕ್ಟಿನಿನ್-3 ಎಂಬ ಪ್ರೋಟೀನು ತಯಾರಾಗುವುದು ಇದರಿಂದ. ತಂದೆ ತಾಯಿ ಇಬ್ಬರಿಂದಲೂ ಈ ಜೀನ್‌ನ ಕೆಲಸ ಮಾಡದ ಪ್ರತಿಯೇ ಬಂದಿದ್ದರೆ ಆ ಪ್ರೋಟೀನು ದೇಹದಲ್ಲಿ ಇರುವುದೇ ಇಲ್ಲ. ಅದು ರೋಗವೇನೂ ಅಲ್ಲ, ಯುರೋಪಿಯನ್ ಮೂಲದವರಲ್ಲಿ ನೂರಕ್ಕೆ ಸುಮಾರು 18 ಮಂದಿ ಹಾಗೆಯೇ ಆರೋಗ್ಯವಾಗಿದ್ದಾರೆ. 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತಾವು ಪರೀಕ್ಷಿಸಿದ ಒಲಿಂಪಿಕ್ ಮಟ್ಟದ ಸ್ಪ್ರಿಂಟ್ ಮತ್ತು ಬಲಪ್ರಧಾನ ಕ್ರೀಡಾಪಟುಗಳಲ್ಲಿ ಒಬ್ಬರೂ ಆ ಗುಂಪಿಗೆ ಸೇರಿರಲಿಲ್ಲವೆಂದು ಪ್ರಕಟಿಸಿದರು. ಮಹತ್ವದ ಸಂಶೋಧನೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಲೆಕ್ಕವನ್ನು ತಿರುಗಿಸಿ ನೋಡಿ. ಉಳಿದ 82 ಮಂದಿಯಲ್ಲಿ ಕೆಲಸ ಮಾಡುವ ಪ್ರತಿ ಒಂದಾದರೂ ಇದೆ. ನಮ್ಮಲ್ಲಿಯೂ ಬಹುಪಾಲು ಜನರದ್ದು ಇದೇ ಸ್ಥಿತಿ. ಮೆಜೆಸ್ಟಿಕ್‌ಗೆ ಹೊರಟ ತುಂಬಿದ ಬಸ್ಸಿನಲ್ಲಿ ಹೆಚ್ಚಿನವರು ಈ ಪರೀಕ್ಷೆಯಲ್ಲಿ ‘ಪಾಸ್’ ಆಗುತ್ತಾರೆ. ಅತ್ತ ಸ್ಪೇನಿನ ಒಬ್ಬ ಉದ್ದಜಿಗಿತಗಾರ ಆ ಪ್ರೋಟೀನು ಇಲ್ಲದೆಯೇ 8 ಮೀಟರ್ ದಾಟಿ ಒಲಿಂಪಿಕ್ಸ್‌ಗೆ ಹೋದದ್ದು ದಾಖಲಾಗಿದೆ. ವೇಗದಲ್ಲಿ ಹುಟ್ಟಿನ ಪಾಲು ದೊಡ್ಡದೇ, ಆದರೆ ಅದು ಅನೇಕ ಜೀನ್‌ಗಳಲ್ಲಿ ಚೂರುಚೂರಾಗಿ ಹಂಚಿಹೋಗಿದೆ. ಪ್ರತಿಭೆ ಗುರುತಿಸಲು ಇಂತಹ ಪರೀಕ್ಷೆಗಳನ್ನು ಬಳಸಬಾರದೆಂದು 2015ರಲ್ಲಿ ಕ್ರೀಡಾ ತಳಿವಿಜ್ಞಾನದ ತಜ್ಞರೇ ಒಟ್ಟಾಗಿ ಹೇಳಿದ್ದಾರೆ.

ಹರ್ಡಲ್ಸ್‌ನಲ್ಲಂತೂ ಕಲಿಕೆಯ ಪಾಲು ಇನ್ನೂ ಹೆಚ್ಚು. 18 ವರ್ಷದೊಳಗಿನ ಬಾಲಕಿಯರ 100 ಮೀಟರ್ ಹರ್ಡಲ್ಸ್‌ನಲ್ಲಿ 76.2 ಸೆಂ.ಮೀ. ಎತ್ತರದ 10 ತಡೆಗಳಿರುತ್ತವೆ, ಎರಡರ ನಡುವೆ 8.5 ಮೀಟರ್ ಅಂತರ, ಅದನ್ನು ಮೂರೇ ಹೆಜ್ಜೆಯಲ್ಲಿ ಮುಗಿಸಬೇಕು. ನನ್ನ ಬಳಿ ಬಂದ ಒಬ್ಬ ಹುಡುಗಿ ಸಮತಟ್ಟು ಓಟದಲ್ಲಿ ಎಲ್ಲರಿಗಿಂತ ಮುಂದಿದ್ದರೂ, ಇಲ್ಲಿ ಕೊನೆಯ ಹೆಜ್ಜೆಯನ್ನು ಎಳೆದು ಹಾಕಿ, ತಡೆಯ ಮೇಲೆ ತೇಲಿ, ಇಳಿಯುವಾಗ ಹಿಮ್ಮಡಿಯೂರಿ ವೇಗವನ್ನೆಲ್ಲ ಕಳೆದುಕೊಳ್ಳುತ್ತಿದ್ದಳು. ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ತಡೆಗಳನ್ನು ತಗ್ಗಿಸಿ, ಹತ್ತಿರ ಹತ್ತಿರ ಇಟ್ಟು ಓಡಿಸಿದೆ. ‘ಟಕ್, ಟಕ್, ಟಕ್’ ಎಂಬ ಮೂರು ಸದ್ದು ಸಮವಾಗಿ ಕೇಳಲು ಒಂದೂವರೆ ವರ್ಷ ಹಿಡಿಯಿತು. ಅದನ್ನು ಯಾವ ವರದಿಯೂ ನನಗೆ ಮೊದಲೇ ಹೇಳುತ್ತಿರಲಿಲ್ಲ.

ಇನ್ನೊಂದು ಮಾತು: 12ರ ವಯಸ್ಸಿನಲ್ಲಿ ಗೆಲ್ಲುವವರಲ್ಲಿ ಬೇಗ ಬೆಳೆದ ಮಕ್ಕಳು ಹೆಚ್ಚು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಅವಳ ಎತ್ತರವನ್ನೂ 30 ಮೀಟರ್ ಓಟದ ಸಮಯವನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ, ಮತ್ತು ಅಭ್ಯಾಸ ಮುಗಿದ ಮೇಲೂ ಅವಳು ಮೈದಾನದಲ್ಲಿ ಉಳಿಯಲು ಹಟ ಮಾಡುತ್ತಾಳೆಯೇ ಎಂದು ಗಮನಿಸಿ.