ಫಾಯಿಲ್ ಕೈಟ್ ಎತ್ತುವಾಗ, ಇಳಿಸುವಾಗ ಜೊತೆಯಲ್ಲಿರುವವರು ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಆರು ಚದರ ಮೀಟರಿನ ಫಾಯಿಲ್ ಕೈಟ್ (ಗಾಳಿ ತುಂಬಿ ಉಬ್ಬುವ, ಮನುಷ್ಯನನ್ನೇ ಎಳೆಯುವ ದೊಡ್ಡ ಬಟ್ಟೆ ಗಾಳಿಪಟ) ತಗೊಂಡಿದ್ದೀರಿ, ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಶರಾವತಿ ಹಿನ್ನೀರು ಇಳಿದ ಬಯಲಿನಲ್ಲಿ ಹಾರಿಸಬೇಕು ಅಂತಿದೆ, ಸಹಾಯಕ್ಕೆ ತಮ್ಮ ಒಬ್ಬನೇ ಇದ್ದಾನೆ, ಅವನಿಗೆ ಇದರ ಗಂಧಗಾಳಿ ಇಲ್ಲ. ಎತ್ತುವುದು ಹೇಗೆ, ಇಳಿಸುವುದು ಹೇಗೆ?

ತಮ್ಮನಿಂದಲೇ ಶುರು ಮಾಡುತ್ತೇನೆ. ಕೈಟ್ ಮೇಲೆ ಹೋಗಿ ನಿಂತ ಮೇಲೆ ಗಾಬರಿ ಕಡಿಮೆ. ಪೆಟ್ಟಾಗುವುದು ಹೆಚ್ಚಾಗಿ ನೆಲ ಬಿಡುವ, ನೆಲ ಮುಟ್ಟುವ ಆ ಅರ್ಧ ನಿಮಿಷದಲ್ಲಿ. ಆ ಹೊತ್ತಿಗೆ ಕೈಟ್ ಇರುವುದು ನಿಮ್ಮ ತಮ್ಮನ ಕೈಯಲ್ಲಿ.

ನಾನು ಕಲಿತದ್ದು ರಾಮೇಶ್ವರದ ಸಮುದ್ರದಲ್ಲಿ. ಊರಿಗೆ ಬಂದು ಮೊದಲ ಸಲ ಎತ್ತಿದ್ದು ನಮ್ಮ ಭಾವನ ಸಹಾಯದಿಂದ. ಚಿಕ್ಕಂದಿನಲ್ಲಿ ಗಾಳಿಪಟ ಬಿಡುವಾಗ ಒಬ್ಬ ದಾರ ಹಿಡಿದರೆ ಇನ್ನೊಬ್ಬ ದೂರ ಹೋಗಿ, ಪಟವನ್ನು ತಲೆ ಮೇಲೆತ್ತಿ, ಎಗರಿ ಎಸೆಯುತ್ತಿದ್ದನಲ್ವಾ? ಭಾವ ಅದನ್ನೇ ಮಾಡಿದರು. ಪಾಪ, ಅವರದೇನೂ ತಪ್ಪಿಲ್ಲ, ನಾನು ಹೇಳಿಕೊಟ್ಟಿರಲಿಲ್ಲ. ಎಸೆದ ಕೈಟ್ ಅರ್ಧ ಮಡಚಿಕೊಂಡು ಗಾಳಿ ಹೋಗುವ ದಿಕ್ಕಿಗೆ ತೇಲಿತು. ಸರಿಯಾಗಿ ನನ್ನ ಎದುರಿಗೆ ಬಂದಾಗ ಫಟ್ ಅಂತ ಬಿಚ್ಚಿಕೊಂಡಿತು. ಎಳೆತ ಅತಿ ಜಾಸ್ತಿ ಇರುವ ಜಾಗ ಅದು. ಕ್ವಿಕ್ ರಿಲೀಸ್ (ಕೈಟಿನ ಎಳೆತವನ್ನು ತಟ್ಟನೆ ಕಳಚುವ ಹಿಡಿಕೆ) ಎಳೆಯುವಷ್ಟರಲ್ಲಿ ಹತ್ತು ಹದಿನೈದು ಅಡಿ ಹೊಟ್ಟೆ ಮೇಲೆ ಜಾರಿದ್ದೆ. ಮೊಣಕಾಲಿನ ಚರ್ಮ ಅಲ್ಲೇ ಉಳಿಯಿತು. ಹೆಲ್ಮೆಟ್ ಇತ್ತು, ತಲೆ ಉಳಿಯಿತು.

ಕಾರಣ ಗೊತ್ತಿದ್ದರೆ ತಮ್ಮನಿಗೆ ಹೇಳುವುದು ಸುಲಭ. ಫಾಯಿಲ್ ಕೈಟಿಗೆ ಕಡ್ಡಿ ಇಲ್ಲ, ಬಾಲಂಗೋಚಿ ಇಲ್ಲ. ಮುಂದಂಚಿನ ಬಾಯಿಗಳಿಂದ ಗಾಳಿ ಒಳಗೆ ಹೋಗಿ ಕೋಣೆಗಳು ಉಬ್ಬಿದರೇನೇ ಅದಕ್ಕೊಂದು ಆಕಾರ. ಗಾಳಿ ತುಂಬುವ ಮುಂಚೆ ಬಿಟ್ಟರೆ ಅದು ಸುಮ್ನೆ ಒಂದು ಬಟ್ಟೆ. ಅದಕ್ಕೇ ಹಿಡಿದವನು ಅವಸರ ಮಾಡಬಾರದು.

ನೀವು ಬೆನ್ನಿಗೆ ಗಾಳಿ ಕೊಟ್ಟು ನಿಲ್ಲಿ. ಒಂದು ಕೈಯನ್ನು ನೇರ ಪಕ್ಕಕ್ಕೆ ಚಾಚಿ. ಅದಕ್ಕಿಂತ ಸ್ವಲ್ಪ ಮುಂದೆ, ಲೈನಿನ ತುದಿಯಲ್ಲಿ, ತಮ್ಮ ಕೈಟ್ ಹಿಡಿದು ನಿಲ್ಲಬೇಕು. ನಿಮ್ಮ ನೇರ ಎದುರಿಗೆ ಯಾವತ್ತೂ ಬೇಡ. ಮುಂದಂಚಿನ ನಡುಭಾಗವನ್ನು ಎರಡೂ ಕೈಯಲ್ಲಿ ಹಿಡಿಯಲಿ. ಬಾಯಿಗಳು ಗಾಳಿಗೆ ಎದುರಾಗಿರಲಿ, ಹೊಟ್ಟೆ ಭಾಗ ನಿಮ್ಮ ಕಡೆಗಿರಲಿ. ಅವನು ಲೈನುಗಳ ಹೊರಗಡೆ ನಿಲ್ಲಬೇಕು, ಒಳಗಡೆ ಅಲ್ಲ. ಈಗ ನೀವು ಮೆಲ್ಲಗೆ ಕೈಟಿನಿಂದ ದೂರ ಸರಿದು ಲೈನ್ ಬಿಗಿ ಮಾಡಿ. ಕೈಟ್ ಅವನ ಕೈಯಲ್ಲಿ ಪಟಪಟ ಹೊಡೆದುಕೊಂಡರೆ ತೀರಾ ಅಂಚಿಗೆ, ಅಂದರೆ ಕೈಟ್ ಹಾರಬಲ್ಲ ಜಾಗದ ಕೊನೆಗೆ, ಹೋಗಿದೆ ಅಂತ ಅರ್ಥ. ಜೋರಾಗಿ ಜಗ್ಗಿದರೆ ಒಳಕ್ಕೆ ಬಂದಿದೆ ಅಂತ ಅರ್ಥ. ಆಗ ಕೈಟ್ ಅಲ್ಲೇ ಇರಲಿ, ನೀವು ನಾಲ್ಕು ಹೆಜ್ಜೆ ಜಾಗ ಬದಲಿಸಿ. ಉಬ್ಬಿ, ಗಟ್ಟಿಯಾಗಿ, ಶಾಂತವಾಗಿ ನಿಂತ ಮೇಲೆ ಅವನು ಬೆರಳು ಬಿಚ್ಚಿದರೆ ಸಾಕು. ಎಸೆಯುವುದು, ತಳ್ಳುವುದು ಏನೂ ಬೇಡ. ಬಿಟ್ಟ ಕೂಡಲೇ ಗಾಳಿ ಬರುವ ಕಡೆಗೆ ಎರಡು ಹೆಜ್ಜೆ ಹಿಂದೆ ಹೋಗಲಿ. ಕೈಟ್ ಕೆಳಗೆ ಓಡಬಾರದು. ನೀವು ಅಂಚಿನಲ್ಲೇ ನಿಧಾನವಾಗಿ ನೆತ್ತಿ ಮೇಲಕ್ಕೆ ಒಯ್ಯಿರಿ.

ಬಿಡುವ ಮುಂಚೆ ಸೂತ್ರ ನೋಡುವುದು ಅವನದೇ ಕೆಲಸ. ಇಪ್ಪತ್ತು ಮೀಟರ್ ಆಚೆಯಿಂದ ನಿಮಗೆ ಕಾಣುವುದಿಲ್ಲ. ಈ ಕೈಟಿನಲ್ಲಿ ಹತ್ತಾರು ಸೂತ್ರದ ದಾರಗಳಿರುತ್ತವೆ. ಮುಳುಗಡೆ ಬಯಲಿನಲ್ಲಿ ಹಳೇ ಮರದ ಬೊಡ್ಡೆಗಳಿವೆ, ಮುಟ್ಟಿದರೆ ಮುನಿಯ ಮುಳ್ಳಿದೆ. ಒಂದು ಕಡ್ಡಿ ಸಿಕ್ಕಿಕೊಂಡಿದ್ದರೂ ಕೈಟ್ ಒಂದೇ ಕಡೆ ತಿರುಗಿ ನೆಲಕ್ಕೆ ಬಡಿಯುತ್ತದೆ. ಎಡ ಬಲ ಲೈನ್ ಅದಲು ಬದಲಾಗಿದ್ದರೂ ಅದೇ ಗತಿ. ಆದ್ದರಿಂದ ನೀವು ಒಂದೊಂದೇ ಲೈನ್ ಎಳೆದು ತೋರಿಸಿ, ಅವನು ಆ ತುದಿಯಲ್ಲಿ ಯಾವ ಭಾಗ ಅಲ್ಲಾಡಿತು ಅಂತ ನೋಡಲಿ. ಸಂಶಯ ಬಂದರೆ ಬಿಡದೇ ಇರುವ ಹಕ್ಕು ಅವನಿಗಿದೆ. ಅಣ್ಣ ಬೈದರೂ ಸರಿ.

ಮಾತಿನ ವಿಷಯಕ್ಕೆ ಬಂದರೆ, ನಮ್ಮ ಭಾಷೆಯಲ್ಲೇ ಒಂದು ಅಪಾಯ ಇದೆ. ನೀವು "ಬಿಡಬೇಡ" ಅಂತ ಕೂಗಿದರೆ ಗಾಳಿಯಲ್ಲಿ ಅವನಿಗೆ ಕೇಳುವುದು ಮೊದಲರ್ಧ ಮಾತ್ರ. "ಬಿಡ" ಅಂದ ಅಂದುಕೊಂಡು ಬಿಟ್ಟೇ ಬಿಡುತ್ತಾನೆ. ನನಗೆ ಆಗಿದೆ. "ಲಾಂಚ್" ಅಂದರೂ ಕಷ್ಟ, ನಮ್ಮ ಕಡೆ ಲಾಂಚ್ ಅಂದರೆ ಸಿಗಂದೂರಿಗೆ ಹೊಳೆ ದಾಟಿಸುತ್ತಿದ್ದ ದೋಣಿ. 2025ರ ಜುಲೈನಲ್ಲಿ ಸೇತುವೆ ಆದ ಮೇಲೂ ಆ ಪದ ಹಾಗೇ ಉಳಿದಿದೆ. ಹಾಗಾಗಿ ಬಾಯಿ ಮುಚ್ಚಿ ಕೈ ಬಳಸಿ. ಹೆಬ್ಬೆರಳು ಮೇಲೆ ಅಂದರೆ ಬಿಡು. ಅವನೂ ಹೆಬ್ಬೆರಳು ತೋರಿಸಿ ಆಮೇಲೆ ಬಿಡಲಿ. ಎರಡು ಕೈ ತಲೆ ಮೇಲೆ ಅಡ್ಡಡ್ಡ ಆಡಿಸಿದರೆ ಬೇಡ. ಅಂಗೈಯಿಂದ ತಲೆ ತಟ್ಟಿಕೊಂಡರೆ ಇಳಿಸುತ್ತೇನೆ, ಹಿಡಿ. ಈ ತಲೆ ತಟ್ಟುವ ಸನ್ನೆ ಎಲ್ಲ ಕಡೆ ಕೈಟ್ ಹಾರಿಸುವವರಿಗೂ ಗೊತ್ತು. ಪರಿಚಯವಿಲ್ಲದವರು ಯಾರಾದರೂ ಮೈದಾನದಲ್ಲಿ ತಲೆ ತಟ್ಟಿಕೊಳ್ಳುತ್ತಿದ್ದರೆ ಹೋಗಿ ಸಹಾಯ ಮಾಡಿ, ಹುಚ್ಚು ಅಂದುಕೊಳ್ಳಬೇಡಿ.

ಇಳಿಸುವಾಗಲೂ ಅದೇ ಅಂಚು. ಕೈಟನ್ನು ನಿಧಾನವಾಗಿ ಪಕ್ಕಕ್ಕೆ ತಂದು ಕೆಳಗಿಳಿಸಿ. ತಮ್ಮ ಎಗರಿ ಹಿಡಿಯಬಾರದು, ಅದೇ ಅವನ ಎದೆಯ ಮಟ್ಟಕ್ಕೆ ಬರಲಿ. ಗಾಳಿ ಬರುವ ಕಡೆಯಿಂದ ಹತ್ತಿರ ಹೋಗಿ ಮುಂದಂಚಿನ ಬಟ್ಟೆ ಹಿಡಿಯಲಿ. ಸೂತ್ರ, ಲೈನ್ ಮುಟ್ಟಲೇಬಾರದು. ಬಿಗಿಯಾದ ಆ ದಾರ ಚಾಕುವಿನ ಹಾಗೆ ಕೊಯ್ಯುತ್ತದೆ. ಅದೇ ಕಾರಣಕ್ಕೆ ನೀವೂ ಯಾವತ್ತೂ ಲೈನನ್ನು ಕೈಗೆ ಸುತ್ತಿಕೊಳ್ಳಬೇಡಿ. ಅವನು ಹಿಡಿದ ತಕ್ಷಣ ನೀವು ಅವನ ಕಡೆ ನಾಲ್ಕು ಹೆಜ್ಜೆ ನಡೆಯಿರಿ, ಲೈನ್ ಸಡಿಲವಾಗಲಿ. ಇದನ್ನು ಬಹಳ ಜನ ಮರೆಯುತ್ತಾರೆ. ಇತ್ತ ನೀವು ಎಳೆಯುತ್ತಾ ನಿಂತರೆ ಅತ್ತ ಅವನು ಹಗ್ಗಜಗ್ಗಾಟ ಆಡಬೇಕಾಗುತ್ತದೆ. ಕೈ ತಪ್ಪಿದರೆ ಬಿಟ್ಟು ಹಿಂದೆ ಸರಿಯಲಿ, ನೀವು ಮತ್ತೆ ಮೇಲೆ ಒಯ್ದು ಇನ್ನೊಮ್ಮೆ ತನ್ನಿ.

ಹಿಡಿದ ಮೇಲೆ ಕೈಟನ್ನು ಬೆನ್ನು ಕೆಳಗೆ, ಸೂತ್ರ ಮೇಲೆ ಬರುವ ಹಾಗೆ ಮಲಗಿಸಿ, ಹಿಂದಂಚನ್ನು ಗಾಳಿ ಬರುವ ಕಡೆಗಿಟ್ಟು, ಅದರ ಮೇಲೆ ಭಾರ ಹೇರಬೇಕು. ಕಡಲ ತೀರದಲ್ಲಾದರೆ ಮರಳು ಎಳೆದು ಹಾಕುತ್ತಾರೆ. ನಮಗೆ ಮರಳೆಲ್ಲಿ? ನಾನು ನಾಲ್ಕು ಸಣ್ಣ ಅಕ್ಕಿ ಚೀಲಕ್ಕೆ ಮಣ್ಣು ತುಂಬಿಕೊಂಡು ಹೋಗುತ್ತೇನೆ. ಕಲ್ಲು ಇಡಬೇಡಿ, ಬಟ್ಟೆ ಹರಿಯುತ್ತದೆ. ಚೀಲ ಇಡುವ ತನಕ ನೀವು ಹಾರ್ನೆಸ್ಸಿನಿಂದ (ಕೈಟನ್ನು ಮೈಗೆ ಸಿಕ್ಕಿಸುವ ಪಟ್ಟಿ) ಬಿಚ್ಚಿಕೊಳ್ಳಬೇಡಿ. ನಿಮ್ಮದು ಬಾಯಿಗೆ ವಾಲ್ವ್ ಇರುವ ಕ್ಲೋಸ್ಡ್ ಸೆಲ್ ಕೈಟಾದರೆ ಇನ್ನೂ ಎಚ್ಚರ. ನೆಲಕ್ಕೆ ಬಂದರೂ ಒಳಗಿನ ಗಾಳಿ ಹೋಗಿರುವುದಿಲ್ಲ, ಉಬ್ಬಿಕೊಂಡೇ ಇರುತ್ತದೆ. ಗಾಳಿ ಬಿಡುವ ಜಿಪ್ ಅಥವಾ ಪಟ್ಟಿ ಎಲ್ಲಿದೆ ಅಂತ ತಮ್ಮನಿಗೆ ಮನೆಯಲ್ಲೇ ತೋರಿಸಿ.

ನೀವು ಬಿದ್ದು ಎಳೆದುಕೊಂಡು ಹೋಗುತ್ತಿದ್ದರೆ ತಮ್ಮ ಕೈಟ್ ಹಿಂದೆ ಓಡಬಾರದು, ಲೈನಿಗೆ ಕೈ ಹಾಕಬಾರದು. ಕ್ವಿಕ್ ರಿಲೀಸ್ ಎಳೆಯುವುದು ನಿಮ್ಮ ಕೆಲಸ. ಎಳೆದರೆ ಕೈಟ್ ಸೇಫ್ಟಿ ಲೀಶಿನ (ಕೈಟ್ ಹಾರಿಹೋಗದ ಹಾಗೆ ನಿಮಗೆ ಕಟ್ಟಿರುವ ಹಗ್ಗ) ಒಂದೇ ಲೈನಿನಲ್ಲಿ ಸತ್ತ ಹಾಗೆ ಜೋಲು ಬೀಳುತ್ತದೆ. ಆಮೇಲೆ ಅವನು ಗಾಳಿ ಬರುವ ಕಡೆಯಿಂದ ಬಂದು ಬಟ್ಟೆ ಹಿಡಿಯಲಿ. ಮೊದಲ ದಿನ ಕೈಟ್ ಬಿಚ್ಚುವ ಮುಂಚೆ ಆ ರಿಲೀಸನ್ನು ಹತ್ತು ಸಲ ಎಳೆದು, ಮತ್ತೆ ಜೋಡಿಸಿ. ಕಣ್ಣು ಮುಚ್ಚಿಕೊಂಡೂ ಮಾಡಿ.

ಜಾಗದ ಬಗ್ಗೆ. ಹಿನ್ನೀರಿನ ಬಯಲು ಚೆನ್ನಾಗಿದೆ, ಆದರೆ ಸುತ್ತ ಗುಡ್ಡ, ಮರ. ಅವುಗಳ ಮರೆಯಲ್ಲಿ ಗಾಳಿ ಸುಳಿಯುತ್ತದೆ. ಮರದ ಎತ್ತರದ ಹತ್ತು ಪಟ್ಟು ದೂರವಾದರೂ ಇರಲಿ. 15 ಮೀಟರ್ ಎತ್ತರದ ಅಡಿಕೆ ತೋಟವಾದರೆ 150 ಮೀಟರ್. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೋಡ ಕಪ್ಪಾಗಿ ಗುಡುಗು ಶುರುವಾದರೆ ಮಡಚಿಬಿಡಿ. ಮಳೆಗಿಂತ ಮುಂಚೆ ಬರುವ ಆ ಬೀಸು ಗಾಳಿಗೆ ಯಾವ ಸಹಾಯಕನೂ ಸಾಲುವುದಿಲ್ಲ. ಕರೆಂಟಿನ ಹೈಟೆನ್ಷನ್ ಲೈನ್ ಕಣ್ಣಳತೆಯಲ್ಲಿದ್ದರೆ ಬೇರೆ ಜಾಗ ಹುಡುಕಿ. ಅಕಸ್ಮಾತ್ ತಂತಿಗೆ ಸಿಕ್ಕಿದರೆ ಎಲ್ಲ ಬಿಟ್ಟು ದೂರ ಓಡಿ ಮೆಸ್ಕಾಂಗೆ ಫೋನ್ ಮಾಡಿ, ಕೈಟ್ ಆಸೆ ಬೇಡ. ಅಭಯಾರಣ್ಯಕ್ಕೆ ಸೇರಿದ ಜಾಗವಾದರೆ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ.

ಇನ್ನು ಜನ. ನೀವು ಕೈಟ್ ಬಿಚ್ಚಿದ ಐದು ನಿಮಿಷಕ್ಕೆ ದನ ಕಾಯುವವರು, ಮಕ್ಕಳು ಎಲ್ಲ ಸೇರುತ್ತಾರೆ. ಚೆನ್ನಾಗಿ ಕಾಣಲಿ ಅಂತ ಸರಿಯಾಗಿ ಕೈಟ್ ಕೆಳಗೇ ಬಂದು ನಿಲ್ಲುತ್ತಾರೆ. ಅವರನ್ನು ನಿಮ್ಮ ಬೆನ್ನ ಹಿಂದೆ ಕೂರಿಸಿ. ನಾನು ಅಲ್ಲೊಂದು ಚಾಪೆ ಹಾಸಿ, ಚುರುಮುರಿ ಪೊಟ್ಟಣ ಇಟ್ಟಿರುತ್ತೇನೆ. ಬೈದು ಓಡಿಸುವುದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ದನಗಳಿಗೆ ಮಾತ್ರ ಉಪಾಯ ಸಿಕ್ಕಿಲ್ಲ. ಅವು ಅತ್ತ ಹೋಗುವ ತನಕ ಕಾಯುತ್ತೇನೆ.

ತಮ್ಮನಿಗೂ ಒಂದು ಜೊತೆ ಗ್ಲೌಸ್ ತಗೊಳ್ಳಿ.