ರಾತ್ರಿ ಬರುವ ಮ್ಯಾನೇಜರ್ ಮೆಸೇಜಿಗೆ ಉತ್ತರ ಕೊಡಲೇಬೇಕಾ?

ನಿಮ್ಮ ಕಷ್ಟ ಇಷ್ಟು, ಅಲ್ವಾ? ಮನೆಯಿಂದಲೇ ಕೆಲಸ, ಆರು ಗಂಟೆಗೆ ಮುಗಿಯಬೇಕು. ಆದರೆ ರಾತ್ರಿ ಹತ್ತಾದರೂ ಮ್ಯಾನೇಜರ್ ಮೆಸೇಜ್ ಬರುತ್ತಲೇ ಇರುತ್ತದೆ. ಉತ್ತರ ಕೊಡದಿದ್ದರೆ ಏನಂದುಕೊಳ್ಳುತ್ತಾರೋ ಅನ್ನುವ ಭಯ. ಸಾಕು ಅಂತ ಅವರಿಗೆ ಹೇಗೆ ಹೇಳುವುದು?

ನಾನೂ ಇದೇ ಪಾಡು ಪಟ್ಟವನು. ಬೇಜಾರಾದರೂ ಒಂದು ಮಾತು: ನನ್ನ ಮ್ಯಾನೇಜರಿಗೆ ಆ ಚಟ ಹತ್ತಿಸಿದ್ದು ನಾನೇ. ಕಣ್ಣೆದುರು ಇಲ್ಲದವನು ಸುಮ್ನೆ ಕೂತಿರುತ್ತಾನೆ ಅಂದುಕೊಂಡಾರು ಅಂತ, ಎಷ್ಟು ಹೊತ್ತಿಗೆ ಮೆಸೇಜ್ ಬಂದರೂ ಎರಡೇ ನಿಮಿಷದಲ್ಲಿ ಉತ್ತರಿಸುತ್ತಿದ್ದೆ. ಊಟದ ತಟ್ಟೆ ಪಕ್ಕದಲ್ಲೇ ಫೋನ್. ಕೇಳಿದ ತಕ್ಷಣ ಉತ್ತರ ಸಿಗುವಾಗ ಬೆಳಗಾಗುವವರೆಗೆ ಯಾರು ಕಾಯುತ್ತಾರೆ?

ಒಂದು ದಿನ ರೇಗಿಹೋಗಿ ಉದ್ದದ ಮೇಲ್ ಬರೆದೆ. ಪುಣ್ಯಕ್ಕೆ ಕಳಿಸಲಿಲ್ಲ. ಮರುದಿನ ಮಾತಾಡುವಾಗ ಇಷ್ಟು ಕೇಳಿದೆ: 'ಸಾರ್, ನೀವು ರಾತ್ರಿ ಕಳಿಸುವುದರಲ್ಲಿ ಆಗಲೇ ಮಾಡಬೇಕಾದ್ದು ಯಾವುದು, ಬೆಳಿಗ್ಗೆ ಮಾಡಿದರೂ ನಡೆಯುವುದು ಯಾವುದು?' ಅವರು ನಕ್ಕರು. 'ಅಯ್ಯೋ, ಮರೆತುಹೋಗುತ್ತೆ ಅಂತ ಕಳಿಸಿಬಿಡ್ತೀನಿ. ನೀವು ಆಗಲೇ ನೋಡ್ಬೇಕು ಅಂತೇನಿಲ್ಲ.' ಎಂಟು ತಿಂಗಳು ನಾನು ನಿದ್ದೆ ಕೆಟ್ಟದ್ದು ಅವರು ಬರೆದಿಟ್ಟುಕೊಂಡ ನೆನಪಿನ ಚೀಟಿಗೆ!

ಅವತ್ತೇ ಒಂದು ಮಾತಾಯಿತು. ನಿಜವಾಗಿ ಅರ್ಜೆಂಟ್ ಇದ್ದರೆ ಫೋನ್ ಮಾಡಬೇಕು, ಮೆಸೇಜ್ ಆದರೆ ಬೆಳಿಗ್ಗೆ ನೋಡುತ್ತೇನೆ ಅಂತ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಮೆಸೇಜ್ ಹಾಕುವವರಿಗೆ ಹೊತ್ತುಗೊತ್ತಿನ ಯೋಚನೆ ಇರುವುದಿಲ್ಲ. ಅದೇ ರಾತ್ರಿ ಹತ್ತಕ್ಕೆ ಒಬ್ಬರ ಮನೆಗೆ ಫೋನ್ ಮಾಡಬೇಕೆಂದರೆ ಎಂಥವರೂ ಒಂದು ಸಲ ಗಡಿಯಾರ ನೋಡುತ್ತಾರೆ. ಆಮೇಲಿನ ಒಂದು ವರ್ಷದಲ್ಲಿ ಅವರ ಫೋನ್ ಬಂದದ್ದು ಮೂರು ಸಲ. ಮೂರೂ ಸಲ ತಕ್ಷಣ ಎತ್ತಿದೆ. ಹಾಗೆ ಎತ್ತದಿದ್ದರೆ ಈ ಏರ್ಪಾಡು ನಿಲ್ಲುವುದಿಲ್ಲ.

ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಮೊದಲು ಎರಡು ಸಾಲು ಕಳಿಸುವುದನ್ನೂ ರೂಢಿ ಮಾಡಿಕೊಂಡೆ. ಇವತ್ತು ಆದದ್ದು ಇದು, ಬಾಕಿ ಇದು, ನಾಳೆ ಒಂಬತ್ತೂವರೆಗೆ ಸಿಗುತ್ತೇನೆ. 'ಅದೇನಾಯ್ತು?' ಅನ್ನುವ ರಾತ್ರಿಯ ಪ್ರಶ್ನೆಗಳು ಅದರಿಂದಲೇ ಅರ್ಧ ಕಡಿಮೆಯಾದವು. ನೀವೇ ರಾತ್ರಿ ಕೂತು ಏನಾದರೂ ಬರೆದರೆ, ಬೆಳಿಗ್ಗೆ ಹೋಗುವ ಹಾಗೆ ಶೆಡ್ಯೂಲ್ ಮಾಡಿ. ಹನ್ನೊಂದಕ್ಕೆ ನಿಮ್ಮಿಂದ ಮೇಲ್ ಹೋದರೆ ನೀವು ಎಚ್ಚರ ಇದ್ದೀರಿ ಅಂತ ಅವರಿಗೆ ಗೊತ್ತಾಗುತ್ತದಲ್ಲ! ಆಫೀಸಿನ ಆ್ಯಪ್‌ಗಳು ಆಂಡ್ರಾಯ್ಡ್ ಫೋನಿನಲ್ಲಿ ಕೆಲಸಕ್ಕೇ ಬೇರೆಯಾಗಿ ಇಡುವ ವರ್ಕ್ ಪ್ರೊಫೈಲ್‌ನಲ್ಲಿದ್ದರೆ ಅಷ್ಟನ್ನೂ ಒಟ್ಟಿಗೆ ನಿಲ್ಲಿಸಿಡಬಹುದು.

ಕಾನೂನು ಏನನ್ನುತ್ತದೆ ಅಂತಲೂ ಕೇಳಿದ್ದೀರಿ. ಅದು ದೇಶದಿಂದ ದೇಶಕ್ಕೆ ಬೇರೆ. ಪೋರ್ಚುಗಲ್‌ನಲ್ಲಿ 2021ರ ಕಾನೂನು, ತುರ್ತು ಇಲ್ಲದೆ ಕೆಲಸದ ಹೊತ್ತಿನ ಆಚೆ ನೌಕರರನ್ನು ಸಂಪರ್ಕಿಸಬಾರದು ಅಂತ ಮಾಲೀಕರಿಗೇ ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಲ್ಲಿ ಬಂದದ್ದು ಬೇರೆ ಥರ. ಅಲ್ಲಿ ಬಾಸ್ ಮೆಸೇಜ್ ಕಳಿಸಬಹುದು. ಆದರೆ ಸರಿಯಾದ ಕಾರಣವಿಲ್ಲದಿದ್ದರೆ ನೀವು ಅದನ್ನು ಓದಲೂಬೇಕಿಲ್ಲ, ಉತ್ತರಿಸಲೂಬೇಕಿಲ್ಲ. ನನಗೆ ಇದೇ ಹೆಚ್ಚು ಹಿಡಿಸಿತು. ತೊಂದರೆ ಕಳಿಸುವುದರಲ್ಲಿಲ್ಲ, ಉತ್ತರ ಬಂದೇ ಬರಬೇಕು ಅನ್ನುವುದರಲ್ಲಿದೆ.

ಆನ್‌ಕಾಲ್ ಡ್ಯೂಟಿ, ಅಂದರೆ ಕರೆದಾಗ ಕೆಲಸಕ್ಕೆ ಸಿಗಬೇಕು ಅಂತ ಮೊದಲೇ ಒಪ್ಪಿಕೊಂಡಿದ್ದರೆ ಈ ಮಾತು ಹೊಂದುವುದಿಲ್ಲ. ಕೇಳಿದ್ದಕ್ಕೇ ಸಿಡುಕುವ ಮ್ಯಾನೇಜರ್ ಆದರೆ, ಎರಡು ವಾರ ಯಾವ ಹೊತ್ತಿಗೆ ಏನು ಬಂತು ಅಂತ ಬರೆದಿಡಿ. ಮಾತಾಡುವಾಗ ಆ ಪಟ್ಟಿ ಮುಂದಿಡಿ.

ಮೊದಲ ವಾರ ಕೈ ಸುಮ್ಮನಿರುವುದಿಲ್ಲ. ನಾನು ಫೋನನ್ನು ಪಕ್ಕದ ಕೋಣೆಯ ಅಟ್ಟದ ಮೇಲೆ ಇಡುತ್ತಿದ್ದೆ. ರಿಂಗ್ ಆದರೆ ಕೇಳಿಸುತ್ತಿತ್ತು, ಮೆಸೇಜ್ ಬಂದರೆ ಕಾಣಿಸುತ್ತಿರಲಿಲ್ಲ.