ದಸರಾ ರಜೆಗೆ ಸಾಗರಕ್ಕೆ ಬರ್ತಿದೀರಾ?

ಪ್ರಶ್ನೆ: ದಸರಾ ರಜೇಲಿ ಮಕ್ಕಳ ಜೊತೆ ಸಾಗರದ ಹತ್ರ ಅಜ್ಜಿ ಮನೆಗೆ ಬರ್ತಿದೀವಿ. ಜೋಗ, ಸಕ್ರೆಬೈಲು ಬಿಟ್ರೆ ಏನಿದೆ?

ಉತ್ತರ: ಸಕ್ರೆಬೈಲಿಗೆ ಬೆಳಗ್ಗೆನೇ ಹೋಗಿ, ತುಂಗಾ ಹಿನ್ನೀರಲ್ಲಿ ಮಾವುತರು ಆನೆ ಮೈ ತಿಕ್ಕೋದು ಆಗ್ಲೇ ಸಿಗೋದು. ಆದ್ರೆ ನನ್ನ ಕೇಳಿದ್ರೆ ಹೇಗಾದ್ರೂ ಮಾಡಿ ಭೂಮಿ ಹುಣ್ಣಿಮೆವರೆಗೂ ಇರಿ, ವಿಜಯದಶಮಿ ಆಗಿ ನಾಲ್ಕೈದು ದಿನಕ್ಕೇ ಬರುತ್ತಲ್ವಾ. ಭತ್ತ ಹೊಡೆ ಬಂದಿರೋ ಟೈಮು (ತೆನೆ ಇನ್ನೂ ಗಿಡದ ಒಳಗೇ ತುಂಬ್ಕೊಂಡಿರುತ್ತೆ), ಬಸುರಿ ಭೂಮ್ತಾಯಿಗೆ ಬಯಕೆ ಊಟ ಬಡಿಸೋ ಹಬ್ಬ ಅದು. ಹಿಂದಿನ ರಾತ್ರಿಯೆಲ್ಲಾ ನಿದ್ದೆಗೆಟ್ಟು ಅಡುಗೆ ಮಾಡ್ತಾರೆ, ಇಲ್ಲಿನ ದೀವರು ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಲ್ಲಿ ಸಣ್ಣ ಸಣ್ಣ ಗೆರೆ ಎಳೆದು ಚಿತ್ತಾರ ಬರೆದಿರೋ ಭೂಮಣ್ಣಿ ಬುಟ್ಟಿ ಇರುತ್ತೆ, ಎಷ್ಟು ಚಂದ ಗೊತ್ತಾ, ಅದನ್ನ ಬೆಳಗಿನ ಜಾವ ಹೊತ್ಕೊಂಡು ಹೋಗಿ ಗದ್ದೆಗೆ ಚರಗ, ಅಂದ್ರೆ ಎಡೆ ಅಡುಗೆ, ಬೀರ್ತಾರೆ. ಪಕ್ಕದ ಮನೆಯವ್ರನ್ನ ಮೊದ್ಲೇ ಕೇಳಿಟ್ಟಿರಿ, ಮಕ್ಕಳನ್ನ ಖುಷಿಯಿಂದ ಕರ್ಕೊಂಡ್ ಹೋಗ್ತಾರೆ, ಊಟನೂ ಗದ್ದೇಲೇ.